ಒಂಬತ್ತು ಅಲಗಿನ ಪಂಪು

ಮಾರ್ಚ್ 3, ಸೋಮವಾರ

ಬರೆಯಬೇಕಂತೆ. ನಲವತ್ತೊಂದು ವರ್ಷ ಪಂಪಿನ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತಿದ್ದೇನೆ, ಯಾರೂ ನನ್ನಿಂದ ಒಂದು ಸಾಲು ಬರೆಸಿಲ್ಲ. ಏಳನೇ ಕ್ಲಾಸಿಗೆ ಶಾಲೆಗೆ ಬೆನ್ನು ಹಾಕಿ ಬಂದವನಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ. ಕೊಟ್ಟವಳು ತಂಗಿಯ ಮಗಳು, ನಾನು ಎತ್ತಿ ಆಡಿಸಿದ ಹುಡುಗಿ.

ಬೆಳಿಗ್ಗೆ ಬಂದಳು. ಕೈಯಲ್ಲಿ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ, ಪ್ರತಿ ಪುಟದ ಮೇಲೂ ಅಚ್ಚಾದ ನಂಬರು.

"ಮಾವ, ನಮ್ಮ ಲ್ಯಾಬಿಗೆ ಯಾರು ಏನು ಮಾಡಿಕೊಟ್ರೂ ದಿನಾ ಬರೀಲೇಬೇಕು. ತಾರೀಕು ಹಾಕಿ, ಪೆನ್ನಲ್ಲಿ. ತಪ್ಪಾದ್ರೆ ಒಂದು ಗೆರೆ ಎಳೀರಿ, ಕೆಳಗಿರೋದು ಓದೋಕೆ ಬರ್ಬೇಕು. ಪುಟ ಮಾತ್ರ ಹರೀಬಾರ್ದು."

"ನಾನು ಕಬ್ಬಿಣ ಕೊರೆಯೋನು. ಕಥೆ ಬರೆಯೋನಲ್ಲ."

"ಎಡಪುಟದಲ್ಲಿ ಅಳತೆ ಬರೀರಿ, ಸಾಕು. ಬಲಪುಟ ನಿಮ್ದು. ಬೈಬೇಕು ಅನ್ಸಿದ್ರೆ ಅಲ್ಲಿ ಬೈಕೊಳ್ಳಿ. ನಾನು ಓದಲ್ಲ."

ಇದು ಬಲಪುಟ. ಬೈಯುತ್ತಿದ್ದೇನೆ.

ಕೆಲಸ ಇಷ್ಟು. ನಮ್ಮ ಮೈಯ ಜೀವಕೋಶದೊಳಗೆ ಸೆಂಟ್ರಿಯೋಲ್ ಎನ್ನುವ ವಸ್ತು ಇದೆಯಂತೆ. ಒಂದು ಕೂದಲಿನ ಅಗಲದಲ್ಲಿ ಅಂಥ ನಾನೂರನ್ನು ಸಾಲಾಗಿ ನಿಲ್ಲಿಸಬಹುದಂತೆ. ಆಕಾರ ಪೀಪಾಯಿಯದು. ಸುತ್ತಲೂ ಒಂಬತ್ತು ಅಲಗು, ಒಂದೊಂದು ಅಲಗೂ ಮೂರು ಕೊಳವೆ ಸೇರಿಸಿದ್ದು, ಎಲ್ಲವೂ ಒಂದೇ ಕಡೆಗೆ ಓರೆ. ಕೋಶ ಎರಡಾಗಿ ಒಡೆಯುವಾಗ ಒಳಗಿನ ಎಳೆಗಳೆಲ್ಲ, ಕ್ರೋಮೋಸೋಮ್ ಅಂತೆ, ನಟ್ಟನಡುವೆ ಬಂದು ಸಾಲು ನಿಲ್ಲಬೇಕು. ಎರಡು ತುದಿಯಿಂದ ಅವನ್ನು ನಡುವಿಗೆ ತಳ್ಳುವುದು ಯಾವುದು ಎಂದು ಊರಿಗೆಲ್ಲ ಒಂದು ಲೆಕ್ಕವಾದರೆ ಇವಳದ್ದೇ ಇನ್ನೊಂದು. ಎರಡೂ ತುದಿಯಲ್ಲಿರುವ ಈ ಪೀಪಾಯಿ ಸುಮ್ಮನೆ ಕೂತಿಲ್ಲ, ತಿರುಗುತ್ತದೆ ಅನ್ನುತ್ತಾಳೆ. ಒಳಗೊಂದು ಸುರುಳಿ ಇದೆ, ಅದು ತುದಿಯಿಂದ ರಸ ಎಳೆದುಕೊಂಡು ಅಲಗುಗಳ ಸಂದಿಯಿಂದ ಹೊರಕ್ಕೆ ನೂಕುತ್ತದೆ, ಆ ನೂಕು ಎಳೆಗಳನ್ನು ದೂರ ತಳ್ಳುತ್ತದೆ. ಅಂದರೆ ಪಂಪು.

"ತಿರುಗೋದನ್ನ ಯಾರಾದ್ರೂ ಕಣ್ಣಲ್ಲಿ ನೋಡಿದ್ದಾರಾ?"

"ಇಲ್ಲ ಮಾವ. ಅದನ್ನ ನೋಡೋಕೇ ನನಗೆ ಇನ್ನೊಂದು ವರ್ಷ ಬೇಕು. ನಮ್ಮ ಲ್ಯಾಬಿನ ದೊಡ್ಡವರು ಕೊಡ್ತಿಲ್ಲ. ಈ ಆಕಾರದ್ದು ಏನನ್ನಾದ್ರೂ ತಳ್ಳುತ್ತೆ ಅಂತ ಮೊದಲು ತೋರ್ಸು, ಆಮೇಲೆ ಮಾತಾಡು ಅಂತಾರೆ. ಹದಿನಾಲ್ಕನೇ ತಾರೀಕು ಮೀಟಿಂಗು. ತೋರಿಸದಿದ್ರೆ ನನ್ನ ಕೋಣೆ ಬೇರೆಯವರಿಗೆ. ಆರು ವರ್ಷದ ಕೆಲಸ ಅಲ್ಲಿಗೆ ಮುಗೀತು."

ಅದಕ್ಕೆ ನಾನು ಐದು ಲಕ್ಷ ಪಟ್ಟು ದೊಡ್ಡದು ಮಾಡಿ ಕೊಡಬೇಕು. ಹಿತ್ತಾಳೆಯಲ್ಲಿ, ಹತ್ತು ಸೆಂಟಿಮೀಟರ್ ಅಗಲ, ಇಪ್ಪತ್ತೆರಡು ಉದ್ದ. ಆಟದ ಸಾಮಾನು.

ಫೋಟೋ ತೋರಿಸಿದಳು. ನಾನು ಜನ್ಮವೆಲ್ಲ ಕೊರೆದ ಪಂಪಿನ ಚಕ್ರದ ಹಾಗೇ ಇತ್ತು. ಅವಳಿಗೆ ಹೇಳಲಿಲ್ಲ.

ಮಾರ್ಚ್ 5, ಬುಧವಾರ

ಅವಳ ಡ್ರಾಯಿಂಗ್ ಬಂತು. ಉದ್ದನೆಯ ನೋಟ ನಡುವೆ, ಅದರಲ್ಲಿ ಸುರುಳಿ ಕಾಣುತ್ತದೆ. ತುದಿಯ ನೋಟ ಅದರ ಬಲಗಡೆ, ಅದರಲ್ಲಿ ಒಂಬತ್ತು ಅಲಗು. ಹುಡುಗಿಗೆ ಇಷ್ಟಾದರೂ ಪದ್ಧತಿ ಗೊತ್ತಿದೆ. ಎಡತುದಿಯಿಂದ ಕಂಡದ್ದನ್ನು ಬಲಗಡೆ ಬರೆಯುತ್ತಾರೆ, ಲೇತಿನ ಮುಂದೆ ನಿಂತ ಯಾರನ್ನು ಕೇಳಿದರೂ ಹೇಳುತ್ತಾರೆ.

ಫೋನ್ ಮಾಡಿದಳು. "ಡ್ರಾಯಿಂಗಲ್ಲಿ ಏನಾದ್ರೂ ಗೊತ್ತಾಗದಿದ್ರೆ ಕೇಳಿ ಮಾವ."

"ನೀನು ಹುಟ್ಟೋ ಮುಂಚೆಯಿಂದ ಡ್ರಾಯಿಂಗ್ ಓದ್ತಿದೀನಿ" ಎಂದು ಇಟ್ಟುಬಿಟ್ಟೆ. ಕೇಳುವುದಕ್ಕೇನೂ ಇಲ್ಲ. ಕೇಳಲಿಲ್ಲ.

ಮಾರ್ಚ್ 8, ಶನಿವಾರ

ಇಪ್ಪತ್ತೇಳು ಕೊಳವೆ ಕತ್ತರಿಸಿ, ತುದಿ ಅರ ಹಾಕಿ, ಮೂರು ಮೂರು ಸೇರಿಸಿ ಬೆಸುಗೆ ಹಾಕಿದ್ದಾಯಿತು. ಒಳಗಿನ ಸುರುಳಿ ನಿನ್ನೆಯೇ ಮುಗಿದಿತ್ತು. ಬೆನ್ನು ಹಿಡಿದುಕೊಂಡಿದೆ. ಮೇಲೊಂದು ಕೆಳಗೊಂದು ಬಳೆ, ಬಳೆಗಳ ಮೇಲೆ ಒಂಬತ್ತು ಒಂಬತ್ತು ಓರೆ ಕಚ್ಚು. ಆ ಕಚ್ಚಿನಲ್ಲಿ ಅಲಗು ಕೂರುತ್ತದೆ. ಬಳೆ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

ಮನೆಯವಳು ಹಿತ್ತಲಿನ ಶೆಡ್ಡಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. "ರೀ, ಆ ಕೊಳವೆಗಳ ಹತ್ರ ಆಡೋ ಮಾತಲ್ಲಿ ಕಾಲು ಭಾಗ ನನ್ನ ಹತ್ರ ಆಡಿದ್ರೆ ನಾನು ಇನ್ನೂ ಹತ್ತು ವರ್ಷ ಜಾಸ್ತಿ ಬದುಕ್ತಿದ್ದೆ."

"ಅವು ಎದುರು ಮಾತಾಡಲ್ಲ."

"ಆಡೋ ದಿನ ಬರುತ್ತೆ ಬಿಡಿ."

ಕಾಫಿ ಆರಿತ್ತು.

ಮಾರ್ಚ್ 12, ಬುಧವಾರ

ಕೊಂಡುಹೋಗಿ ಕೊಟ್ಟೆ.

ಅವಳ ಕೋಣೆ ಅಂದರೆ ಓಣಿಯ ಕೊನೆಯ ಒಂದು ಮೂಲೆ. ಕಿಟಕಿಗೆ ಬಣ್ಣ ಬಳಿದು ಬಳಿದು ತೆರೆಯಲು ಬಾರದ ಹಾಗೆ ಆಗಿದೆ. ಗುರ್ರೆನ್ನುವ ಫ್ರಿಜ್ಜು, ಅದರ ಬಾಗಿಲಿಗೆ ಕಾಗದದ ಟೇಪು. ಮೇಜಿನ ಮೇಲೆ ಗಾಜಿನ ತೊಟ್ಟಿ, ಅದರ ತುಂಬ ಗ್ಲಿಸರಿನ್. ನೀರು ಯಾಕೆ ಬೇಡ ಎಂದು ಕೇಳಿದೆ.

"ಅಷ್ಟು ಸಣ್ಣ ವಸ್ತುವಿಗೆ ನೀರೇ ಹೀಗೆ ಅಂಟುತ್ತೆ ಮಾವ. ಕೋಶದೊಳಗೆ ಈಜೋದು ಅಂದ್ರೆ ಜೇನುತುಪ್ಪದಲ್ಲಿ ಈಜಿದ ಹಾಗೆ."

ಪಂಪು ತೊಟ್ಟಿಯಲ್ಲಿ ನಿಂತಿತು. ಸುತ್ತ ಎಳೆಗಳ ಬದಲು ಕೆಂಪು ಮಣಿ ತೇಲಿಬಿಟ್ಟಳು. ಮೋಟರಿನ ವೈರ್ ಅವಳೇ ಜೋಡಿಸಿದಳು, ನನಗೆ ಮುಟ್ಟಲು ಕೊಡಲಿಲ್ಲ. ಯಾವ ಕಡೆ ತಿರುಗಬೇಕು ಎಂದದ್ದಕ್ಕೆ ಅಲಗಿನ ಉಬ್ಬಿದ ಬೆನ್ನು ಮುಂದಾಗಿ ಎಂದಳು. ನಮ್ಮ ಪಂಪೂ ಹಾಗೇ. ಆ ಒಂದು ಮಾತಿಗೆ ಅವಳ ಮೇಲೆ ಸ್ವಲ್ಪ ಗೌರವ ಬಂತು.

"ಅಳತೆ ಎಲ್ಲ ನೋಡ್ಕೋ" ಎಂದೆ.

"ನೀವು ಮಾಡಿದ್ದನ್ನ ನಾನು ನೋಡೋದಾ?"

ಆಗ ಅವರ ದೊಡ್ಡವರು ಬಂದರು. ಉದ್ದನೆಯ ಮನುಷ್ಯ, ಕಾಲು ಸಣ್ಣ, ಟೈ ಕಟ್ಟಿದ ಕೊಕ್ಕರೆ. ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, "ಇದು ಹಿತ್ತಾಳೆಯದ್ದು. ಜೀವಕೋಶದಲ್ಲಿ ಹಿತ್ತಾಳೆ ಇಲ್ಲ" ಎಂದರು.

"ನಿಮ್ಮ ಟೈಯೂ ಇಲ್ಲ" ಎಂದೆ.

ಹುಡುಗಿ ನನ್ನ ಕಾಲು ತುಳಿದಳು. ಕೊಕ್ಕರೆ ನಗಲಿಲ್ಲ. "ನಾಡಿದ್ದು ನನಗೆ ಒಂದೇ ಪ್ರಶ್ನೆ. ತಳ್ಳುತ್ತಾ, ಇಲ್ವಾ" ಎಂದು ಹೋದರು.

ಮಾರ್ಚ್ 13, ಗುರುವಾರ

ತಳ್ಳಲಿಲ್ಲ.

ನಿಮಿಷಕ್ಕೆ ಎರಡು ಸುತ್ತು ತಿರುಗಿಸಿದಳು. ನಮ್ಮ ಕಾರ್ಖಾನೆಯಲ್ಲಿ ಆ ವೇಗದ ಪಂಪು ನೋಡಿದರೆ ಗೇಟಿನವನೂ ನಗುತ್ತಿದ್ದ. ಐದು ನಿಮಿಷ ಏನೂ ಇಲ್ಲ. ಆಮೇಲೆ ಮಣಿಗಳು ಹೊರಟವು, ಪಂಪಿನ ಕಡೆಗೆ. ಒಂದೊಂದಾಗಿ ಬಂದು ಅಲಗಿನ ಸಂದಿಗೆ ಅಂಟಿಕೊಂಡವು. ತಳ್ಳಬೇಕಾದದ್ದು ಎಳೆಯುತ್ತಿದೆ. ಹುಡುಗಿ ಈ ಪುಸ್ತಕದ ಎಡಪುಟದಲ್ಲಿ ಬರೆದಳು, ತನ್ನ ಪುಸ್ತಕದಲ್ಲೂ ಅದನ್ನೇ ಬರೆದುಕೊಂಡಳು: "ಅಲಗಿನ ಬೆನ್ನು ಮುಂದೆ. ಮೂರು ಸಲ ನೋಡಿದೆ. ಮಣಿ ಒಳಕ್ಕೆ, ಹತ್ತು ನಿಮಿಷಕ್ಕೆ ಮೂರು ಸೆಂಟಿಮೀಟರ್."

ನಾಲ್ಕು ಸಲ ಮಾಡಿದೆವು. ನಾಲ್ಕು ಸಲವೂ ಹಾಗೇ.

"ಮಾವ, ಪೀಸಲ್ಲಿ ಏನಾದ್ರೂ..."

ಆ ಮಾತು ಮುಗಿಸಲು ನಾನು ಬಿಡಲಿಲ್ಲ. "ನನ್ನ ಪೀಸ್ ಸರಿ ಇದೆ. ಕೊಳೆತಿರೋದು ನಿನ್ನ ಯೋಚನೆ. ಆರು ವರ್ಷ ಕೂತು ಕೂತು ಇಷ್ಟು ಕಂಡುಹಿಡಿದ್ಯಾ?"

ಅವಳು ಮಣಿಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆದಳು.

ಒಂದು ವಿಚಿತ್ರ ಮಾತ್ರ ಬರೆದಿಡಬೇಕು. ಮೋಟರ್ ನಿಲ್ಲಿಸಿದರೆ ಮಣಿ ಆ ಕ್ಷಣವೇ ನಿಲ್ಲುತ್ತದೆ, ಒಂದು ಕೂದಲಷ್ಟೂ ಜಾರುವುದಿಲ್ಲ. ಉಲ್ಟಾ ತಿರುಗಿಸಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟ ಹಾಗೆ. ನೀರಿನಲ್ಲಿ ಇದನ್ನು ಎಂದೂ ನೋಡಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದೇ ಕಣ್ಣ ಮುಂದೆ.

ಮಾರ್ಚ್ 14, ಶುಕ್ರವಾರ

ತಂಗಿ ಫೋನ್ ಮಾಡಿದಳು. "ಅಣ್ಣಾ, ಎಲ್ಲಾ ಮುಗೀತಂತೆ. ಏಪ್ರಿಲ್ ಒಂದಕ್ಕೆ ಕೋಣೆ ಬಿಡಬೇಕಂತೆ. ಕೇಳಿದ ಕೂಡ್ಲೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಲಂತೆ, ಎಳೆಯುತ್ತೆ, ತಳ್ಳಲ್ಲ ಅಂತ. ಊಟ ಮಾಡ್ತಿಲ್ಲ. ನೀನು ಬಂದು ಒಂದು ಮಾತು ಹೇಳು."

ನಾನು ಏನು ಹೇಳಲಿ. ಪಂಪನ್ನು ಮನೆಗೆ ಕಳಿಸಿಕೊಟ್ಟಿದ್ದಾಳೆ, ತೊಟ್ಟಿ, ಮೋಟರ್ ಸಮೇತ. ಚೀಟಿ ಇಲ್ಲ.

ಮಾರ್ಚ್ 16, ಭಾನುವಾರ

ಕೈ ತೊಳೆದು ಬಂದು ಬರೆಯುತ್ತಿದ್ದೇನೆ. ಗ್ಲಿಸರಿನ್ ಎಷ್ಟು ತೊಳೆದರೂ ಹೋಗುವುದಿಲ್ಲ.

ಶೆಡ್ಡಿನಲ್ಲಿ ಅದು ಸುಮ್ಮನೆ ಕೂತಿತ್ತು. ತಡೆಯಲಾಗಲಿಲ್ಲ ನನಗೆ, ಮತ್ತೆ ತಿರುಗಿಸಿ ನೋಡಿದೆ. ಬೆನ್ನು ಮುಂದಾಗಿ ತಿರುಗಿಸಿದರೆ ಎಳೆಯುತ್ತದೆ. ಉಲ್ಟಾ ತಿರುಗಿಸಿದರೆ ಮಣಿ ಹೊರಕ್ಕೆ ಹೋಗುತ್ತದೆ. ಹಾಗಾದರೆ ಸುರುಳಿ ತಳ್ಳಲು ಬಲ್ಲದು. ಅಲಗು ಒಂದು ಕಡೆ ಹೋಗು ಅನ್ನುತ್ತದೆ, ಸುರುಳಿ ಇನ್ನೊಂದು ಕಡೆ ಅನ್ನುತ್ತದೆ. ಗಂಡ ಹೆಂಡತಿ ಜಗಳ.

ಇಂಥ ಜಗಳ ನಾನು ನೋಡಿದ್ದೇನೆ. ಪಂಪಿಗೆ ಉಲ್ಟಾ ಕೈಯ ಚಕ್ರ ಕೂರಿಸಿದರೆ ಹೀಗೇ ಆಗುತ್ತದೆ. ಎಡಕ್ಕೆ ಓರೆ ಇರಬೇಕಾದ ಅಲಗು ಬಲಕ್ಕೆ ಓರೆ.

ಪುಸ್ತಕ ತೆಗೆದೆ. ಐದನೇ ಪುಟ. ನನ್ನದೇ ಅಕ್ಷರ: "ಎಡತುದಿಯಿಂದ ಕಂಡದ್ದನ್ನು ಬಲಗಡೆ ಬರೆಯುತ್ತಾರೆ."

ನಮ್ಮ ಕಾರ್ಖಾನೆಯಲ್ಲಿ ಬರೆಯುತ್ತಾರೆ. ಇನ್ನೊಂದು ಪದ್ಧತಿಯೂ ಇದೆ, ಬಲತುದಿಯಿಂದ ಕಂಡದ್ದನ್ನೇ ಬಲಗಡೆ ಬರೆಯುವುದು. ಹೊರಗಿನಿಂದ ಬರುವ ಡ್ರಾಯಿಂಗುಗಳಲ್ಲಿ ನೋಡಿದ್ದೆ, ಆಗೆಲ್ಲ ಕೇಳಿಕೊಂಡೇ ಕೆಲಸಕ್ಕೆ ಕೈ ಹಾಕುತ್ತಿದ್ದೆ. ಅವಳ ಡ್ರಾಯಿಂಗ್ ಬಿಚ್ಚಿ ಹರಡಿ ನೋಡಿದೆ. ಮೂಲೆಯಲ್ಲಿ ಸಣ್ಣ ಬಾಣ, ಬಾಣದ ಪಕ್ಕ ಸಣ್ಣ ಅಕ್ಷರದಲ್ಲಿ "ಬಲದಿಂದ ನೋಡಿದಾಗ". ಅದನ್ನು ನಾನು ಓದಿಯೇ ಇರಲಿಲ್ಲ. ಎರಡೂ ಕಡೆ ಗಾಜಿರುವ ಗಡಿಯಾರವನ್ನು ಮುಂದಿನಿಂದ ನೋಡಿದರೆ ಮುಳ್ಳು ಬಲಕ್ಕೆ ಓಡುತ್ತದೆ, ಹಿಂದಿನಿಂದ ನೋಡಿದರೆ ಎಡಕ್ಕೆ. ನಾನು ಹಿಂದೆ ನಿಂತು ನೋಡಿ ಒಂಬತ್ತೂ ಅಲಗನ್ನು ಉಲ್ಟಾ ಕೂರಿಸಿದ್ದೇನೆ. ಸುರುಳಿ ಉದ್ದನೆಯ ನೋಟದಲ್ಲಿತ್ತು, ಅದು ಸರಿಯಾಗಿ ಬಂದಿದೆ.

ಕಾರ್ಖಾನೆಯಲ್ಲಿ ಒಬ್ಬ ಇದ್ದ. ಒಂದೇ ಒಂದು ಸಲ ಉಲ್ಟಾ ಕೈಯ ಚಕ್ರ ಕೊರೆದ. ಆಗ ಲೇತಿನವರಿಗೆಲ್ಲ ಹೆಡ್ಡು ನಾನು. ಅವನನ್ನು ಒಂದು ತಿಂಗಳು ಲೇತಿನ ಚೂರು ಗುಡಿಸುವುದಕ್ಕೆ ಹಾಕಿದೆ, 'ಉಲ್ಟಾ' ಎಂದು ಹೆಸರಿಟ್ಟೆ. ರಿಟೈರ್ ಆಗುವ ದಿನ ಹಾರ ಹಾಕುವಾಗಲೂ ಎಲ್ಲರೂ ಅವನನ್ನು ಉಲ್ಟಾ ಎಂದೇ ಕರೆದರು. ಅವನು ನಗುತ್ತಿದ್ದ.

ಮಾರ್ಚ್ 17, ಸೋಮವಾರ

ಐದನೇ ಪುಟ ಹರಿಯಲು ನೋಡಿದೆ. ಹೊಲಿಗೆ ಗಟ್ಟಿ. ಹರಿದರೆ ನಂಬರು ತಪ್ಪುತ್ತದೆ.

ಹರಿಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮಾರ್ಚ್ 18, ಮಂಗಳವಾರ

ಬೆಳಕು ಹರಿಯುತ್ತಲೇ ಶೆಡ್ಡಿಗೆ ಹೋದೆ. ಒಂಬತ್ತೂ ಅಲಗು ಕಾಯಿಸಿ ಬಿಡಿಸಿದೆ. ಹೊಸ ಬಳೆ ಕೊರೆಯಲು ಹಿತ್ತಾಳೆ ಇರಲಿಲ್ಲ, ತರಿಸಲು ನಾಲ್ಕು ದಿನ. ಇದ್ದ ಬಳೆಗಳಲ್ಲೇ ಹಳೆಯ ಕಚ್ಚಿನ ಪಕ್ಕ ಹೊಸ ಕಚ್ಚು ಹಾಕಿದೆ, ಈ ಸಲ ಸರಿಯಾದ ಓರೆಗೆ. ಹಳೆಯದಕ್ಕೆ ಬೆಸುಗೆ ತುಂಬಿ ಅರ ಹಾಕಿ ಉಜ್ಜಿದೆ. ಹೊಳೆಯುತ್ತದೆ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ.

ಮೊದಲು ಸರಿ ಮಾಡಿ ಆಮೇಲೆ ಹೇಳುವುದು ಎಂದು ಯೋಚನೆ. ಬರೀ ತಪ್ಪು ಹೇಳಿ ಯಾರಿಗೆ ಏನು ಉಪಯೋಗ.

ಮನೆಯವಳು ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆ ಶೆಡ್ಡಿಗೇ ತಂದಳು. "ಕೊಟ್ಟಾಯ್ತು, ಆಗ್ಲಿಲ್ಲ ಅಂತಾನೂ ಆಯ್ತು. ಮತ್ತೆ ಯಾಕ್ರೀ ಬಿಚ್ಚಿದ್ದು?"

"ಬೆಸುಗೆ ಬಿಟ್ಟಿತ್ತು."

"ನಿಮ್ಮ ಬೆಸುಗೆನಾ?" ಎಂದಳು. ತಟ್ಟೆ ಇಟ್ಟು ಹೋದಳು.

ಮಾರ್ಚ್ 19, ಬುಧವಾರ

ತಳ್ಳಿತು.

ಬೆನ್ನು ಮುಂದಾಗಿ, ನಿಮಿಷಕ್ಕೆ ಎರಡು ಸುತ್ತು. ಮೊದಲು ಒಂದು ಮಣಿ ಅಲುಗಿತು, ನನ್ನ ಕಣ್ಣು ಮಂಜಾಯಿತೋ ಎಂದುಕೊಂಡೆ. ಆಮೇಲೆ ಎಲ್ಲವೂ ಮೆಲ್ಲಗೆ, ಒಂದೇ ಅಳತೆಯಲ್ಲಿ, ಸುತ್ತಲೂ ಬಳೆಯ ಹಾಗೆ ಅಗಲವಾಗುತ್ತ ಹೋದವು. ಹತ್ತು ನಿಮಿಷಕ್ಕೆ ಆರು ಸೆಂಟಿಮೀಟರ್. ಅವಳ ಲೆಕ್ಕದಲ್ಲಿ ಹನ್ನೊಂದು ಬರಬೇಕಿತ್ತು, ಅರ್ಧ ಚಿಲ್ಲರೆ ಬಂದಿದೆ. ಆದರೂ ನಮ್ಮ ಪಂಪು ತಳ್ಳುತ್ತದೆ. ಇಷ್ಟು ಸಣ್ಣ ಕೆಲಸವನ್ನು ಇಷ್ಟು ನಿಧಾನವಾಗಿ, ಸದ್ದಿಲ್ಲದೆ ಮಾಡುವ ಪಂಪನ್ನು ನಾನು ಮೊದಲು ನೋಡಿಲ್ಲ. ಅದು ನಿಜವಾಗಿ ನನ್ನ ಕೈಯ ಚರ್ಮದೊಳಗೆ ಹೀಗೆ ತಿರುಗುತ್ತಿದೆಯೇ ಎಂದು ಕೈಯನ್ನೇ ನೋಡುತ್ತ ಕೂತಿದ್ದೆ.

ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದಳು, ಚಪ್ಪಲಿ ಬೇರೆ ಬೇರೆ ಜೊತೆಯದು. ನೋಡಿದಳು. ಮತ್ತೆ ಮಾಡಿಸಿದಳು. ಐದು ಸಲ. ಆಮೇಲೆ ನನ್ನ ಕಡೆ ತಿರುಗಿ, "ಏನು ಬದಲಾಯಿಸಿದ್ರಿ ಮಾವ?" ಎಂದು ಕೇಳಿದಳು.

ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಮೋಟರಿನ ಎರಡು ವೈರ್ ಅದಲುಬದಲಾಗಿತ್ತು."

"ನಾನು ಜೋಡಿಸಿದ್ದಾ?"

"ಮತ್ಯಾರು?"

"ಮೂರು ಸಲ ನೋಡಿದ್ದೆ ಮಾವ. ಬೆನ್ನು ಮುಂದೆನೇ ಇತ್ತು."

"ನೋಡಿದ್ದು ಸಾಲಲಿಲ್ಲ."

ಅವಳು ಗೋಡೆಗೆ ಒರಗಿದಳು. "ಇರಬಹುದು" ಎಂದಳು. "ಆ ದಿನ ಗಡಿಬಿಡಿಯಲ್ಲಿದ್ದೆ. ನಿಮಗೆ ಪೀಸಲ್ಲಿ ತಪ್ಪಿದೆಯಾ ಅಂತ ಕೇಳೋಕೆ ಹೋದೆ. ಬೇಜಾರು ಮಾಡ್ಕೋಬೇಡಿ."

ನನ್ನಲ್ಲೇ ಕ್ಷಮೆ ಕೇಳಿ ಹೋದಳು. ಪಂಪು ತೆಗೆದುಕೊಂಡು ಹೋಗಿದ್ದಾಳೆ. ಕೊಕ್ಕರೆಗೆ ತೋರಿಸುತ್ತಾಳೆ. ತಳ್ಳುತ್ತದಲ್ಲ, ಅಷ್ಟು ಸಾಕು. ವೈರಿನ ಮಾತು ಯಾರು ನೆನಪಿಡುತ್ತಾರೆ.

ಮಾರ್ಚ್ 20, ಗುರುವಾರ

ಫೋನ್ ಇಲ್ಲ.

ಮಾರ್ಚ್ 21, ಶುಕ್ರವಾರ

ನೆನಪಿಟ್ಟಿದ್ದಾರೆ.

ತಂಗಿ ಮನೆಗೇ ಬಂದಳು, ಒಳಗೆ ಬಂದು ಕೂರಲೂ ಇಲ್ಲ. ಕೊಕ್ಕರೆ ಎಲ್ಲ ನೋಡಿದರಂತೆ, ತಳ್ಳುವುದನ್ನೂ ನೋಡಿದರಂತೆ. ಕೊನೆಗೆ ಕೇಳಿದರಂತೆ, "ಹೋದ ವಾರ ಎಳೀತಿತ್ತು, ಈ ವಾರ ತಳ್ಳುತ್ತೆ. ನಡುವೆ ಏನಾಯ್ತು?" ಇವಳು ವೈರ್ ತಾನೇ ತಪ್ಪು ಜೋಡಿಸಿದ್ದೆ ಎಂದಳಂತೆ. ಅವರು ಟೈ ಸರಿ ಮಾಡಿಕೊಂಡು, "ಎರಡು ವೈರ್ ಯಾವುದು ಯಾವುದು ಅಂತ ಗೊತ್ತಾಗದವರು ಸೂಕ್ಷ್ಮದರ್ಶಕದಲ್ಲಿ ಕಂಡೆ ಅಂದದ್ದನ್ನ ನಾನು ಹೇಗೆ ನಂಬಲಿ? ಮೂರು ಸಲ ನೋಡಿದೆ ಅಂತ ನಿಮ್ಮದೇ ಕೈಯಲ್ಲಿ ಬರೆದಿದೀರಿ. ಹಾಗಾದ್ರೆ ಬರೆದದ್ದೂ ಸುಳ್ಳು" ಎಂದರಂತೆ. ಕೋಣೆ ಹೋಯಿತು. ಕೋಣೆಗಿಂತ ಆ ಮಾತು.

"ಆರು ವರ್ಷ ಆ ಹುಡುಗಿ ಒಂದು ಸುಳ್ಳು ಬರ್ದಿಲ್ಲ ಅಣ್ಣಾ" ಎಂದು ತಂಗಿ ಬಾಗಿಲಲ್ಲೇ ನಿಂತು ಹೇಳಿದಳು. "ಒಂದು."

ತಂಗಿ ಹೋದ ಮೇಲೆ ಮನೆಯವಳು ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಕೇಳಿದಳು. "ರೀ. ಆ ಉಲ್ಟಾ ಈಗ ಎಲ್ಲಿದ್ದಾನೆ?"

"ಯಾಕೆ?"

"ಸುಮ್ನೆ. ಎರಡು ದಿನದಿಂದ ನಿದ್ದೇಲಿ ಅವನ ಹೆಸರು ಕರೀತಿದೀರಿ."

ನಾನು ಎದ್ದು ಶೆಡ್ಡಿಗೆ ಬಂದೆ. ಪುಸ್ತಕ ಇಲ್ಲೇ ಇದೆ. ಅರ, ಬೆಸುಗೆ, ವೈಸ್, ಎಲ್ಲ ಅದರದರ ಜಾಗದಲ್ಲಿವೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮೊದಲು ಇದು, ಆಮೇಲೆ ಇದು.

ಅವಳ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಕೆಲವಕ್ಕೆ ಟೇಪು ಹಾಕಿಯಾಗಿತ್ತು. ಫ್ರಿಜ್ಜಿನ ಬಾಗಿಲು ತೆರೆದಿಟ್ಟಿದ್ದರು, ಗುರ್ರೆನ್ನುವ ಸದ್ದಿಲ್ಲದೆ ಕೋಣೆ ಬೇರೆಯಾಗಿ ಕಂಡಿತು. ಮೇಜಿನ ಮೇಲೆ ಪಂಪು ಬಿಚ್ಚಿ ಇಟ್ಟಿದ್ದಳು, ಎರಡು ಬಳೆ ಪಕ್ಕ ಪಕ್ಕ, ಅವುಗಳ ಮೇಲೆ ಟೇಬಲ್ ಲ್ಯಾಂಪು.

ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ಹದಿನೆಂಟು ಕಚ್ಚು ಇದೆ ಮಾವ. ಒಂದೊಂದು ಬಳೆ ಮೇಲೆ. ಒಂಬತ್ತು ಸಾಕಲ್ವಾ?"

ಹಿತ್ತಾಳೆ ಹಳದಿ, ಬೆಸುಗೆ ಬಿಳಿ. ಲ್ಯಾಂಪಿನ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಅರ ಹಾಕಿದ್ದು ಶೆಡ್ಡಿನ ಮಬ್ಬಿನಲ್ಲಿ.

"ಯಾವಾಗ ನೋಡಿದೆ?"

"ನಿನ್ನೆ. ಪೆಟ್ಟಿಗೆಗೆ ಹಾಕೋವಾಗ."

"ಫೋನ್ ಮಾಡ್ಬಹುದಿತ್ತು. ಬಂದು ನನ್ನ ಮುಖಕ್ಕೆ ಉಗೀಬಹುದಿತ್ತು."

"ನಾಳೆ ತನಕ ನೀವು ಬರ್ತೀರಾ ನೋಡೋಣ ಅಂತಿದ್ದೆ."

"ಬರದಿದ್ರೆ?"

ಅವಳು ಬಳೆ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಳು. ಆಮೇಲೆ ಎಂದೂ ಕೇಳದ ದನಿಯಲ್ಲಿ, "ನನಗೆ ತಲೆ ಕೆಟ್ಟಿದೆ ಅಂದ್ಕೊಂಡೆ ಮಾವ. ಎರಡು ದಿನ. ಮೂರು ಸಲ ನೋಡಿದ್ದು ನೋಡೇ ಇರ್ಲಿಲ್ವಾ, ಮತ್ತೆ ಆರು ವರ್ಷದಲ್ಲಿ ಇನ್ನೇನೇನು ಹಾಗೇ ನೋಡಿದೀನೋ ಅಂತ. ಹಳೇ ಪುಸ್ತಕ ಎಲ್ಲ ತೆಗೆದು ಕೂತಿದ್ದೆ. ಅದು ನಿಮಗೆ ಗೊತ್ತಾ?" ಎಂದಳು.

ಗೊತ್ತಿರಲಿಲ್ಲ. ಜೋಡಿಸಿಕೊಂಡು ಹೋದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಡ್ರಾಯಿಂಗ್ ನಾನು ಉಲ್ಟಾ ಓದಿದೆ. ನೀನು ಕೇಳು ಅಂದೆ, ನಾನು ಕೇಳಲಿಲ್ಲ. ವೈರ್ ಸರಿಯಾಗೇ ಇತ್ತು" ಎಂದೆ. ನಿಂತೇ ಹೇಳಿದೆ. ಕೂರು ಎಂದು ಅವಳೂ ಹೇಳಲಿಲ್ಲ.

"ನಡಿ, ನಿಮ್ಮ ದೊಡ್ಡವರ ಹತ್ರ ಹೋಗೋಣ. ನಾನೇ ಹೇಳ್ತೀನಿ."

"ಬಾಯಿ ಮಾತು ಈಗ ನಡೆಯಲ್ಲ. ಅವಳ ತಪ್ಪು ಮುಚ್ಚೋಕೆ ಮಾವ ಬಂದಿದ್ದಾರೆ ಅಂತಾರೆ. ಪುಸ್ತಕ ಕೊಡಬೇಕು."

"ಎಡಪುಟನಾ?"

"ಎಡದಲ್ಲಿ ಬರೀ ಅಳತೆ. ತಪ್ಪು ಎಲ್ಲಾಯ್ತು ಅಂತ ಬಲದಲ್ಲಿ ಬರೆದಿದೀರಾ?"

ಬರೆದಿದ್ದೇನೆ. ಐದನೇ ಪುಟ. ಹದಿನಾರನೇ ತಾರೀಕು. ಎಲ್ಲ ಇದೆ.

"ಅದರಲ್ಲಿ ಬೇರೆಯದೂ ಇದೆ" ಎಂದೆ. "ಅವರ ಬಗ್ಗೆ. ಕಾಲಿನ ಬಗ್ಗೆ, ಟೈ ಬಗ್ಗೆ. ನಿನ್ನ ಬಗ್ಗೆಯೂ. ಆ ಪುಟ ಬಿಟ್ಟು..."

"ಪುಟ ಹರಿಯೋ ಹಾಗಿಲ್ಲ ಮಾವ."

ಹದಿಮೂರನೇ ತಾರೀಕಿನಿಂದ ಮೊದಲ ಸಲ ಅವಳ ಬಾಯಿ ಒಂದು ಕಡೆ ಸ್ವಲ್ಪ ಓರೆಯಾಯಿತು. ನಗು ಎಂದು ಹೇಳಲಾರೆ. ಪಂಪನ್ನು ಮತ್ತೆ ಜೋಡಿಸಿದೆವು, ಅವಳು ಬಳೆ ಹಿಡಿದಳು, ನಾನು ಅಲಗು ಕೂರಿಸಿದೆ. ಕೆಲಸದಲ್ಲಿ ಮನುಷ್ಯರ ಮಾತು ಬೇಡ ಅನ್ನುವವಳು ಎಂದು ಈಗ ಗೊತ್ತಾಯಿತು, ನನ್ನ ಹಾಗೇ.

ಮಾರ್ಚ್ 23, ಭಾನುವಾರ

ಇದು ಕೊನೆಯ ಪುಟವಲ್ಲ, ಇನ್ನೂ ಪುಟ ಉಳಿದಿವೆ. ನಾಳೆ ಬೆಳಿಗ್ಗೆ ಪುಸ್ತಕ ನಿಮ್ಮ ಮೇಜಿನ ಮೇಲಿರುತ್ತದೆ. ಆದ್ದರಿಂದ ಇಷ್ಟು ದಿನ ನನಗೆ ನಾನೇ ಬರೆದದ್ದನ್ನು ಇಂದು ನಿಮಗೆ ಬರೆಯುತ್ತಿದ್ದೇನೆ, ದೊಡ್ಡವರೇ.

ಹನ್ನೆರಡನೇ ತಾರೀಕಿನಲ್ಲಿ ನಿಮ್ಮ ಬಗ್ಗೆ ಬರೆದದ್ದು ಓದಿರುತ್ತೀರಿ. ಗೆರೆ ಎಳೆಯಲಿಲ್ಲ. ನೋಡಿದ್ದನ್ನು ಬರೆದಿದ್ದೇನೆ.

ಈಗ ಮುಖ್ಯ ಮಾತು. ಐದನೇ ಪುಟ ಓದಿ, ಅದರ ಪಕ್ಕ ಅವಳ ಡ್ರಾಯಿಂಗ್ ಇಟ್ಟುಕೊಳ್ಳಿ, ಮೂಲೆಯ ಬಾಣ ನೋಡಿ. ಹದಿಮೂರನೇ ತಾರೀಕಿನ ಎಡಪುಟ ಓದಿ, "ಅಲಗಿನ ಬೆನ್ನು ಮುಂದೆ. ಮೂರು ಸಲ ನೋಡಿದೆ." ಅದು ನಿಜ. ಅವಳು ನೋಡಿದ್ದು ಸರಿ, ಬರೆದದ್ದು ಸರಿ, ವೈರ್ ಜೋಡಿಸಿದ್ದು ಸರಿ. ಅಲಗು ಉಲ್ಟಾ ಇತ್ತು, ಅದನ್ನು ಉಲ್ಟಾ ಕೂರಿಸಿದವನು ನಾನು. ಆಮೇಲೆ ಸುಳ್ಳು ಹೇಳಿ ಅವಳ ತಲೆಗೆ ಕಟ್ಟಿದವನೂ ನಾನು. ಆ ಬಳೆಗಳು ಪಂಪಿನಲ್ಲೇ ಇವೆ. ಬೆಳಕಿಗೆ ಹಿಡಿದು ಕಚ್ಚು ಎಣಿಸಿ. ಎಣಿಸಲು ಯಾವ ಯಂತ್ರವೂ ಬೇಡ.

ಅವಳು ಕೇಳಿದ್ದು ಒಂದು ವರ್ಷ. ಕೋಶದೊಳಗೆ ಅದು ನಿಜವಾಗಿ ತಿರುಗುತ್ತದೋ ಇಲ್ಲವೋ ಎಂದು ನೋಡಲು. ತಿರುಗದಿರಬಹುದು. ಅವಳ ಲೆಕ್ಕದಲ್ಲಿ ಹನ್ನೊಂದು ಇದ್ದದ್ದು ನಮ್ಮ ತೊಟ್ಟಿಯಲ್ಲಿ ಆರು ಬಂದಿದೆ, ಉಳಿದ ಐದು ಎಲ್ಲಿ ಹೋಯಿತು ಎಂದು ನನಗೆ ಗೊತ್ತಿಲ್ಲ, ಅವಳಿಗೂ ಇನ್ನೂ ಗೊತ್ತಿಲ್ಲ. ಪಂಪಿನ ಅಕ್ಷ ಸ್ವಲ್ಪ ತೂಗಾಡಿದರೆ ಹೆಚ್ಚು ತಳ್ಳೀತು ಎಂದು ನನಗೆ ಅನ್ನಿಸುತ್ತದೆ, ಬೇರಿಂಗ್ ಸಡಿಲ ಮಾಡಿ ನೋಡಬೇಕು. ಆದರೆ ನೀವು ಕೇಳಿದ ಪ್ರಶ್ನೆ ಒಂದೇ ಆಗಿತ್ತು, ಈ ಆಕಾರದ್ದು ತಳ್ಳುತ್ತಾ ಇಲ್ವಾ ಎಂದು. ತಳ್ಳುತ್ತದೆ. ನಿಮ್ಮ ಕಣ್ಣಾರೆ ನೋಡಿದ್ದೀರಿ.

ಮಂಗಳವಾರದಿಂದ ಬೆಳಿಗ್ಗೆ ಹತ್ತಕ್ಕೆ ನಾನು ಅವಳ ಕೋಣೆಯಲ್ಲಿ ಇರುತ್ತೇನೆ. ಬಂದು ನಿಮ್ಮ ಕೈಯಲ್ಲೇ ತಿರುಗಿಸಿ ನೋಡಿ. ಪೆಟ್ಟಿಗೆಗಳ ಟೇಪು ಬಿಚ್ಚಲು ಹೇಳಿದ್ದೇನೆ.

ಅವಳು ಬರೆದದ್ದು ಸುಳ್ಳು ಎಂದಿರಲ್ಲ, ಆ ಮಾತು ಯಾರ ಯಾರ ಎದುರು ಆಡಿದಿರೋ ಅವರೆಲ್ಲರ ಎದುರೇ ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ತಪ್ಪನ್ನು ನನ್ನ ಹೆಸರಿನ ಮೇಲೆ ಬರೆದುಕೊಳ್ಳಿ. ಕೋಣೆ ಅವಳಿಗೆ ಉಂಟೋ ಇಲ್ಲವೋ, ಬಾಯಿ ಮಾತು ಬೇಡ, ಇದೇ ಪುಸ್ತಕದ ಮುಂದಿನ ಬಲಪುಟದಲ್ಲಿ, ಪೆನ್ನಿನಲ್ಲಿ, ತಾರೀಕು ಹಾಕಿ ಬರೆಯಿರಿ. ಮಾರ್ಚ್ ಮೂವತ್ತೊಂದು, ಸೋಮವಾರದೊಳಗೆ ಉತ್ತರ ಬೇಕು.